ಎಗೋನನ ಮೂರನೆಯ ಪ್ರಶ್ನೆ

ಕ್ರಿಸ್‌ಮಸ್‌ಗೆ ಮೂರು ವಾರ ಇದೆ ಅನ್ನುವಾಗ ನಮ್ಮ ಕಟ್ಟಡದಲ್ಲಿ ಎಗೋನ್ ಪಾವ್ಲಿಟ್ಸ್ಕಿಯ ಕರೆಗಂಟೆಗೆ ಬಿಡುವೇ ಇರುವುದಿಲ್ಲ. ಅವನು ಡಾಕ್ಟರಲ್ಲ, ವಕೀಲನೂ ಅಲ್ಲ. ನಮ್ಮೂರು ಎಸ್ಸೆನ್ನಿನ ಟ್ರಾಮ್ ಡಿಪೋದಲ್ಲಿ ನಲವತ್ತೊಂದು ವರ್ಷ ಬ್ರೇಕ್ ರಿಪೇರಿ ಮಾಡಿ ನಿವೃತ್ತನಾದ ಫಿಟ್ಟರ್. ಜನ ಅವನ ಬಾಗಿಲಿಗೆ ಬರುವುದು ಒಂದೇ ಮಾತು ಕೇಳಲಿಕ್ಕೆ. ಹಬ್ಬಕ್ಕೆ ಮನೆಮಂದಿಯೆಲ್ಲ ಸೇರುತ್ತಾರೆ, ಊಟ ಆದಮೇಲೆ ಯಾವ ಆಟ ಆಡೋಣ?

ಅಂಗಡಿಯಲ್ಲಿ ಗೋಡೆ ತುಂಬ ಡಬ್ಬಿಗಳಿವೆ, ನಿಜ. ಎಷ್ಟು ವಯಸ್ಸಿನವರಿಗೆ, ಎಷ್ಟು ನಿಮಿಷಕ್ಕೆ ಎಂದು ಡಬ್ಬಿಯ ಮೇಲೆ ಬರೆದೂ ಇರುತ್ತದೆ. ಅದನ್ನು ನಂಬಿ ಕೊಂಡವರ ಮನೆಯಿಂದ ನೆಂಟರು ಹಬ್ಬದ ಮರುದಿನವೇ ಬಾಗಿಲು ದಡಾರನೆ ಹಾಕಿಕೊಂಡು ಹೋದ ಕಥೆಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿವೆ. ಅದಕ್ಕೇ ಎಗೋನ್ ಬೇಕು. ಅವನ ನೆಲಮಾಳಿಗೆಯಲ್ಲಿ ನಾನೂರು ಚಿಲ್ಲರೆ ಡಬ್ಬಿಗಳಿವೆ. ಒಂದನ್ನು ಆರಿಸಿ ಎರಡು ವಾರಕ್ಕೆ ಕೈಗೆ ಕೊಡುತ್ತಾನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ಕಾಯಿ ಕಳೆದು ತಂದಿರೋ, ಮುಂದಿನ ವರ್ಷ ನಿಮ್ಮ ಮುಖಕ್ಕೆ ಬಾಗಿಲು ತೆರೆಯುವುದಿಲ್ಲ.

ಡಬ್ಬಿ ತೆಗೆಯುವ ಮೊದಲು ಗೆರೆ ಹಾಕಿದ ನೋಟ್‌ಬುಕ್ ಬಿಚ್ಚಿ, ಪೆನ್ಸಿಲ್ ಹಿಡಿದು, ಮೂರು ಪ್ರಶ್ನೆ ಕೇಳುತ್ತಾನೆ. ಎಷ್ಟು ಜನ? ಎಷ್ಟು ಹೊತ್ತು? ಮೂರನೆಯದನ್ನು ಕೇಳುವಾಗ ಕನ್ನಡಕ ತೆಗೆಯುತ್ತಾನೆ. "ಸೋತ್ರೆ ಮುಖ ಊದಿಸ್ಕೊಳ್ಳೋರು ಯಾರು?"

ನಾನು ಇಪ್ಪತ್ತಾರು ವರ್ಷ ಬ್ರೆಡ್ಡು ಮಾರಿದ ಬೇಕರಿಯ ಒಡತಿ ಒಂದು ಸಲ ಬಂದಿದ್ದಳು. ಮೂರನೆಯ ಪ್ರಶ್ನೆಗೆ ಯೋಚನೆಯನ್ನೇ ಮಾಡದೆ "ನಮ್ಮತ್ತೆ" ಅಂದಳು. ಎಗೋನ್ ಒಂದು ಹಸಿರು ಡಬ್ಬಿ ಇಳಿಸಿ ಕೊಟ್ಟ. "ಇದ್ರಲ್ಲಿ ಯಾರು ಮುಂದಿದಾರೆ ಅಂತ ಕೊನೇವರೆಗೂ ಗೊತ್ತಾಗಲ್ಲ. ನಿಮ್ಮತ್ತೆಗೆ ಮುಖ ಊದಿಸ್ಕೊಳ್ಳೋಕೆ ಟೈಮೇ ಸಿಗಲ್ಲ" ಅಂದ. ಇನ್ನೊಬ್ಬ ಗೃಹಸ್ಥ ಎದೆ ಸೆಟೆಸಿಕೊಂಡು "ನಮ್ಮನೇಲಿ ಅಂಥೋರು ಯಾರೂ ಇಲ್ಲ" ಎಂದ. ಹಿಂದೆ ನಿಂತಿದ್ದ ಹೆಂಡತಿ ಸದ್ದಿಲ್ಲದೆ ಗಂಡನ ಬೆನ್ನಿಗೆ ಬೆರಳು ತೋರಿಸಿದಳು. ಎಗೋನ್ ಅದನ್ನೂ ಬರೆದುಕೊಂಡ.

ಡಬ್ಬಿ ವಾಪಸು ಬಂದಾಗ ಮತ್ತೊಂದು ವಿಚಾರಣೆ. ಚೆನ್ನಾಗಿತ್ತಾ ಎಂದು ಅವನು ಕೇಳುವುದಿಲ್ಲ. "ಆಟ ಮುಗಿದ್ಮೇಲೆ ಮೊದಲನೇ ಮಾತು ಯಾರು ಆಡಿದ್ರು, ಏನಂತ ಆಡಿದ್ರು?" ಎಂದು ಕೇಳುತ್ತಾನೆ. 'ಟೈಮೆಷ್ಟಾಯ್ತು' ಅಂದಿದ್ದರೆ ಆಯ್ಕೆ ತಪ್ಪಿತು. 'ಇನ್ನೊಂದ್ಸಲ' ಅಂದಿದ್ದರೆ ಸರಿ. ಬೇರೆ ಯಾವ ಹೊಗಳಿಕೆಯೂ ಅವನಿಗೆ ಬೇಡ.

ನಾನು ಎಡ್ಡಾ. ಅವನ ಕೆಳಗಿನ ಮಹಡಿಯವಳು. ಮೊದಲ ಹನ್ನೊಂದು ವರ್ಷ ನಾವಿಬ್ಬರೂ ಮೆಟ್ಟಿಲಲ್ಲಿ ಸಿಕ್ಕಾಗ "ನಮಸ್ಕಾರ ಪಾವ್ಲಿಟ್ಸ್ಕಿಯವರೇ", "ನಮಸ್ಕಾರ, ನೀವು ಹೇಗಿದ್ದೀರಿ" ಎಂದು ನೆಟ್ಟಗೆ ನಡೆದವರು. ಒಂದು ಭಾನುವಾರ ಅವನ ಹೆಂಡತಿ ಲೋರೆ ನಾಲ್ಕನೆಯ ಕೈ ಕಡಿಮೆ ಇದೆ ಎಂದು ನನ್ನನ್ನು ಮೇಲಕ್ಕೆ ಕರೆದಳು. ಅದೊಂದು ವ್ಯಾಪಾರದ ಆಟ. ನಾನು ಎಗೋನನಿಗೆ ಸರಿಯಾಗಿ ಟೋಪಿ ಹಾಕಿದೆ. ಅವನು ತನ್ನ ಖಾಲಿ ಕೈ ನೋಡಿ, ನನ್ನ ಮುಖ ನೋಡಿ, "ಎಂಥಾ ಕಿಲಾಡಿ ಹೆಂಗಸು ನೀನು" ಅಂದ. ಅಂದಿನಿಂದ ನಮ್ಮಲ್ಲಿ 'ನೀವು' ಇಲ್ಲ.

ಅವನ ಮೇಜಿನ ಕಾನೂನುಗಳು ಕಟ್ಟುನಿಟ್ಟು. ಎಣ್ಣೆಯ ತಿಂಡಿ ಇಡುವಂತಿಲ್ಲ, ಕಾರ್ಡಿಗೆ ಜಿಡ್ಡಾಗುತ್ತದೆ. ಬಿಸ್ಕತ್ತಿನಂಥ ಉಪ್ಪಿನ ಕಡ್ಡಿ ಮಾತ್ರ, ಅದೂ ಎತ್ತರದ ಲೋಟದಲ್ಲಿ. ಬಿಯರ್ ಬಾಟಲಿ ನೆಲದ ಮೇಲೆ, ಕಾಲಿನ ಪಕ್ಕ. ನಿಯಮದ ಪುಸ್ತಕವನ್ನು ಅವನೇ ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ, ನಡುವೆ ಬಾಯಿ ಹಾಕುವಂತಿಲ್ಲ. ಅಕ್ಟೋಬರಿನಲ್ಲಿ ನಮ್ಮೂರಿನ ಪ್ರದರ್ಶನ ಮೈದಾನಕ್ಕೆ ಲೋಕದ ಆಟಗಳೆಲ್ಲ ಬಂದು ನಾಲ್ಕು ದಿನ ಸಂತೆ ನೆರೆಯುತ್ತದಲ್ಲ, ಆಗ ಅವನು ಚಕ್ರದ ಬ್ಯಾಗು ಎಳೆದುಕೊಂಡು ದಿನವೂ ಹೋಗುತ್ತಾನೆ. ವಾಪಸು ಬರುವಾಗ ಟ್ರಾಮಿನಲ್ಲಿ ಹೊಸ ಆಟದ ನಿಯಮ ಓದುತ್ತಾ ಎರಡು ಸ್ಟಾಪ್ ಮುಂದೆ ಹೋಗಿ, ನಡೆದುಕೊಂಡು ಹಿಂದೆ ಬರುತ್ತಾನೆ. ಆ ಟ್ರಾಮಿನ ಬ್ರೇಕು ಇವನೇ ಕೂರಿಸಿದ್ದು.

ಒಂದು ದುರಭ್ಯಾಸ ಮಾತ್ರ ಇತ್ತು. ಆಟ ನಡೆಯುವಾಗ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. "ಅದಲ್ಲ, ಇದು ಇಡು." "ಈಗ ಬೇಡ, ಮುಂದಿನ ಸರದಿಗೆ ಇಟ್ಕೋ." ಎದುರಾಳಿಗೂ ಹೇಳಿಕೊಡುವ ಪುಣ್ಯಾತ್ಮ. ಹಾಗೆ ಶುರುಮಾಡಿದಾಗೆಲ್ಲ ಲೋರೆ ಮೇಜಿನ ಕೆಳಗೆ ಅವನ ಕಾಲಿಗೆ ಒದೆಯುತ್ತಿದ್ದಳು. ನಾನು ಬೆರಳಿಗೇ ಒಂದು ಏಟು ಕೊಡುತ್ತಿದ್ದೆ. ಲೋರೆ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಒದೆಯುವವರಿಲ್ಲ.

ಅವನಿಗೆ ಒಬ್ಬಳೇ ಮಗಳು, ಗೇಸಾ. ಪಕ್ಕದೂರು ಬೋಖುಮ್‌ನಲ್ಲಿ ದಂತವೈದ್ಯರ ಹತ್ತಿರ ಕೆಲಸ. ಅವಳ ಮಗಳು ಮೇರ್ಲೆಗೆ ಒಂಬತ್ತು ವರ್ಷ. ತಾಯಿ ಮಗಳು ಇಬ್ಬರೇ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಕಾಫಿ, ಕೇಕಿಗೆ ಬರುತ್ತಾರೆ, ನಾನೂ ಹೋಗುತ್ತೇನೆ. ಗೇಸಾ ಆಟಕ್ಕೆ ಕೂರುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಬಿಟ್ಟವಳು ಮತ್ತೆ ಮುಟ್ಟಿಲ್ಲ. "ಅವಳಿಗೆ ಸೋಲು ಸಹಿಸೋಕಾಗಲ್ಲ, ಅವರಮ್ಮನ ಕಡೆ ರಕ್ತ" ಎಂದು ಎಗೋನ್ ಇಪ್ಪತ್ತಾರು ವರ್ಷದಿಂದ ಹೇಳುತ್ತಾ ಬಂದಿದ್ದ. ನಾನೂ ನಂಬಿದ್ದೆ.

ಫೆಬ್ರವರಿಯ ಕೊನೆಯ ಭಾನುವಾರ ಅವರು ಹೋದಮೇಲೆ ಎಗೋನ್ ನನ್ನ ಮನೆಗೆ ಇಳಿದು ಬಂದ. ಕುರ್ಚಿಯ ತುದಿಯಲ್ಲಿ ಕೂತ.

"ಈಸ್ಟರ್ ಆದ್ಮೇಲೆ ತಿಂಗಳಿಗೊಂದ್ಸಲ ಬರ್ತಾರಂತೆ" ಅಂದ.

"ಯಾಕಂತೆ?"

"ಮೇರ್ಲೆಗೆ ಬೇಜಾರಾಗತ್ತಂತೆ ಇಲ್ಲಿ. ಅಜ್ಜನ ಮನೇಲಿ ಏನು ಮಾಡೋದು ಅಂತ ಕೇಳ್ತಾಳಂತೆ." ನೆಲದ ಕಡೆ ಬೆರಳು ತೋರಿಸಿದ. "ಕೆಳಗೆ ನಾನೂರು ಆಟ ಇಟ್ಕೊಂಡಿದೀನಿ ಎಡ್ಡಾ. ನನ್ನ ಮೊಮ್ಮಗಳಿಗೆ ನನ್ನ ಮನೇಲಿ ಬೇಜಾರು."

ನನಗೆ ಅಯ್ಯೋ ಅನಿಸಿತು, ಆದರೆ ನನ್ನ ಬಾಯಿ ಇದೆಯಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದುಬಿಟ್ಟೆ.

ಅವನು ಸಿಟ್ಟಾಗಲಿಲ್ಲ. ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದ. ಈಸ್ಟರ್‌ಗೆ ಮೊದಲು ಐದು ಭಾನುವಾರ. ಅದರಲ್ಲಿ ಮೂರಕ್ಕೆ ಮೇರ್ಲೆಯ ಹ್ಯಾಂಡ್‌ಬಾಲ್ ಪಂದ್ಯ. ಉಳಿದದ್ದು ಎರಡು. ಅಷ್ಟರಲ್ಲಿ ಆ ಹುಡುಗಿ ತಾನಾಗಿಯೇ ಇಲ್ಲಿಗೆ ಬರುತ್ತೇನೆ ಅನ್ನಬೇಕು. ಇಲ್ಲದಿದ್ದರೆ ಅವನ ವಾರದಲ್ಲಿ ಭಾನುವಾರ ಎಂಬುದೇ ಉಳಿಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎರಡು ವಾರ ಅವನು ನೆಲಮಾಳಿಗೆಯಿಂದ ಮೇಲೆ ಬಂದದ್ದೇ ಕಡಿಮೆ. ಡಬ್ಬಿಗಳನ್ನು ಇಳಿಸುವುದು, ಓದುವುದು, ಮತ್ತೆ ಏರಿಸುವುದು. ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡ. ಎಷ್ಟು ಜನ? ಮೂರು. ಎಷ್ಟು ಹೊತ್ತು? ಮುಕ್ಕಾಲು ಗಂಟೆ. ಸೋತರೆ ಮುಖ ಊದಿಸುವವರು? 'ಮೇರ್ಲೆ' ಎಂದು ಬರೆದ. ತಾಯಿಯ ಹಾಗೆ ಮಗಳು ಎಂದು ಅವನ ಲೆಕ್ಕ. ಹಾಗಾಗಿ ಯಾರೂ ಯಾರನ್ನೂ ಸೋಲಿಸದ ಆಟ ಬೇಕು. ಎಲ್ಲರೂ ಒಂದೇ ಪಕ್ಷ. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ. ಇಂಥ ಆಟಗಳು ಈಗ ಬೇಕಾದಷ್ಟು ಬಂದಿವೆ. ಅವುಗಳಲ್ಲಿ ಒಂದನ್ನು ಆರಿಸಿದ. ಸಮುದ್ರದ ನಡುವೆ ಒಂದು ದ್ವೀಪ, ನೀರು ಏರುತ್ತಿದೆ, ಆಟಗಾರರು ಸೇರಿ ಒಡ್ಡು ಕಟ್ಟಿ ಊರು ಉಳಿಸಬೇಕು.

"ಇದ್ರಲ್ಲಿ ಜಗಳಕ್ಕೆ ಜಾಗವೇ ಇಲ್ಲ" ಅಂದ. ನನಗೂ ಸರಿ ಅನಿಸಿತು. ಇಬ್ಬರು ದಡ್ಡರು.

ಆ ಭಾನುವಾರ ಸೇಬಿನ ಕೇಕ್ ಮುಗಿದಮೇಲೆ ಎಗೋನ್ ಆಟದ ಹಾಸು ಬಿಚ್ಚಿದ. ಮರದ ಪುಟ್ಟ ಮನೆಗಳು, ಮರಳಿನ ಚೀಲಗಳು, ಒಂದು ಮೂಲೆಯ ಗುಡ್ಡದಲ್ಲಿ ಏಳು ಬಿಳಿ ಕುರಿಗಳು. ಮೇರ್ಲೆ ಕುರಿಗಳನ್ನು ನೋಡಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಗೇಸಾ ಸೋಫಾದಲ್ಲಿ ಫೋನು ಹಿಡಿದು ಕೂತಳು. ಎಗೋನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಮೇರ್ಲೆ ತನ್ನ ಕೆಂಪು ಕಾಯಿಯನ್ನು ಎತ್ತಿ ಗುಡ್ಡದ ಕಡೆ ನಡೆಸಿದಳು. "ನಾನು ಕುರಿಗಳನ್ನ ಕರ್ಕೊಂಡು ಬರ್ತೀನಿ."

"ಕುರಿ ಆಮೇಲೆ ಪುಟ್ಟಿ. ಮೊದ್ಲು ಉತ್ತರದ ಒಡ್ಡು. ಅಲ್ಲಿ ಎರಡು ಚೀಲ ಇಡು" ಎಂದು ಎಗೋನ್ ತೋರಿಸಿದ. ಅವಳು ಇಟ್ಟಳು.

ಮುಂದಿನ ಸರದಿಯಲ್ಲಿ ಅವಳ ಕಾಯಿ ಮತ್ತೆ ಗುಡ್ಡದ ಕಡೆ ತಿರುಗಿತು. "ಈಗ ಹೋಗ್ಲಾ?"

"ಈಗ ಹೋದ್ರೆ ಊರು ಮುಳುಗತ್ತೆ. ನೋಡು, ಇಲ್ಲಿಂದ ಇಲ್ಲಿಗೆ ಬಾ, ಚೀಲ ತಗೋ, ಎಡ್ಡಜ್ಜಿ ಕೈಗೆ ಕೊಡು."

ನನ್ನ ಸರದಿಯನ್ನೂ ಅವನೇ ಆಡಿದ. ಬೆರಳಿಗೆ ಒಂದು ಏಟು ಕೊಟ್ಟೆ, ಅವನಿಗೆ ಗೊತ್ತೇ ಆಗಲಿಲ್ಲ. ಕಣ್ಣೆಲ್ಲ ಏರುವ ನೀರಿನ ಮೇಲೆ. ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ನೋಡಿಯೇ ಇಲ್ಲ. ನಾಲ್ಕು ಸರದಿ ಮುಂದಿನದನ್ನು ಈಗಲೇ ಲೆಕ್ಕ ಹಾಕುತ್ತಿದ್ದ. ಮೇರ್ಲೆ ಆಮೇಲಾಮೇಲೆ ಏನೂ ಕೇಳಲಿಲ್ಲ. ಅವನು ತೋರಿಸಿದಲ್ಲಿ ಕಾಯಿ ಇಡುತ್ತಾ, ಇನ್ನೊಂದು ಕೈಯಲ್ಲಿ ಉಪ್ಪಿನ ಕಡ್ಡಿ ಮುರಿಯುತ್ತಾ ಕೂತಳು. ಐವತ್ತು ನಿಮಿಷಕ್ಕೆ ನೀರು ನಿಂತಿತು, ಊರು ಉಳಿಯಿತು.

"ಗೆದ್ವಿ" ಎಂದು ಎಗೋನ್ ಎರಡೂ ಕೈ ಮೇಜಿನ ಮೇಲೆ ಚಾಚಿದ. ಮೊದಲ ಮಾತಿಗೆ ಕಾದ. ಮೇರ್ಲೆಯ ಬಾಯಿಂದ 'ಇನ್ನೊಂದ್ಸಲ' ಬರುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ಕಾದ.

"ಕುರಿಗಳು ಸತ್ತೋದ್ವು" ಅಂದಳು ಅವಳು.

"ಕುರಿಗೆ ಪಾಯಿಂಟ್ ಇಲ್ಲ ಪುಟ್ಟಿ. ಊರು ಉಳೀತಲ್ಲ. ಎಲ್ಲರೂ ಗೆದ್ವಿ."

"ನೀನು ಗೆದ್ದೆ ಅಜ್ಜ. ನಾನು ಬರೀ ಕಾಯಿ ಇಟ್ಟೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಕುರ್ಚಿಯಿಂದ ಇಳಿದು ಅಮ್ಮನ ಪಕ್ಕ ಹೋಗಿ ಕೂತು, "ಟೈಮೆಷ್ಟಾಯ್ತು?" ಎಂದು ಕೇಳಿದಳು.

ಎಗೋನ್ ಮಗಳ ಕಡೆ ನೋಡಿದ. "ಸೋಲಬಾರದು ಅಂತಾನೇ ಇದನ್ನ ಆರಿಸಿದ್ದು" ಅಂದ. "ನಿನ್ನ ಥರಾನೇ ಇವಳಿಗೂ ಸೋಲು ಅಂದ್ರೆ ಆಗಲ್ವಲ್ಲ ಅಂತ."

ಗೇಸಾ ಫೋನು ಕೆಳಗಿಟ್ಟಳು. "ನಂಗೆ ಸೋಲು ಆಗಲ್ಲ ಅಂತ ಯಾರು ಹೇಳಿದ್ದು ಅಪ್ಪ?"

"ಆಟ ಬಿಟ್ಟು ಎದ್ದು ಹೋದ್ಯಲ್ಲ ಅವತ್ತು. ಹನ್ನೆರಡು ವರ್ಷದೋಳಿದ್ದಾಗ."

"ಅವತ್ತು ನಾನು ಗೆದ್ದಿದ್ದೆ." ಗೇಸಾ ತನ್ನ ಮಗಳಷ್ಟೇ ಮೆಲ್ಲಗೆ ಹೇಳಿದಳು. "ನಾನು ಇಡೋಕೆ ಅಂತ ಒಂದು ಕಾರ್ಡು ಎತ್ಕೊಂಡೆ. ನೀನು ನನ್ನ ಕೈಯಿಂದ ಅದನ್ನ ತಗೊಂಡು ಒಳಗೆ ಸೇರ್ಸಿ, ಇನ್ನೊಂದು ಎಳೆದು ಇಟ್ಟೆ. 'ನೋಡು, ಇದಿಟ್ರೆ ನೀನೇ ಗೆಲ್ಲೋದು' ಅಂದೆ. ನಾನೇ ಗೆದ್ದೆ. ಆಮೇಲೆ ನಾನ್ಯಾಕೆ ಕೂರ್ಬೇಕು ಅಲ್ಲಿ?"

ಅವರು ಐದೂವರೆಯ ರೈಲಿಗೆ ಹೋದರು, ಮಾಮೂಲಿಗಿಂತ ಒಂದು ರೈಲು ಮೊದಲು. ನಾನು ತಟ್ಟೆ ತೊಳೆದೆ. ಎಗೋನ್ ಕುರಿಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದ. ಏಳಾಯಿತು ಎಂದು ನೋಡಿದಮೇಲೂ ಚೀಲವನ್ನು ಕೈಯಲ್ಲೇ ಹಿಡಿದು ಕೂತಿದ್ದ. ಮೂವತ್ತು ವರ್ಷ ಅವನ ಬೆರಳಿಗೆ ಏಟು ಕೊಟ್ಟು ನಕ್ಕವಳು ನಾನು. ಒಂದು ಮಗು ಹಾಗೆ ಏಟು ಕೊಡಲಾರದು ಎಂದು ನನಗಾದರೂ ಹೊಳೆಯಬಾರದಿತ್ತೆ?

ಮುಂದಿನ ವಾರವೆಲ್ಲ ಎಗೋನ್ ಬಾಗಿಲು ತೆರೆಯಲಿಲ್ಲ. ಮೂರನೇ ಮಹಡಿಯ ದಂಪತಿ ಹುಟ್ಟುಹಬ್ಬಕ್ಕೆ ಆಟ ಕೇಳಲು ಬಂದು ಗಂಟೆ ಒತ್ತಿ ಒತ್ತಿ ಹೋದರು. ನಾನು ಆಲೂಗಡ್ಡೆ ಸಲಾಡ್ ಕಳಿಸಿದರೆ ಡಬ್ಬಿ ತೊಳೆದು ನನ್ನ ಬಾಗಿಲ ಮುಂದೆ ಇಟ್ಟು ಹೋದ, ಮುಖ ತೋರಿಸಲಿಲ್ಲ. ಎರಡನೆಯ ಭಾನುವಾರಕ್ಕೆ ಹತ್ತು ದಿನ ಉಳಿದಿತ್ತು. ಹೀಗೇ ಬಿಟ್ಟರೆ ಆಗದು ಎಂದು ಒಂದು ಬೆಳಿಗ್ಗೆ ಹೆಜ್ಜೆಯ ಸದ್ದು ಕೇಳಿ ನೆಲಮಾಳಿಗೆಗೆ ಇಳಿದೆ. ಅವನು ಮಡಚುವ ಸ್ಟೂಲಿನ ಮೇಲೆ ಕೂತಿದ್ದ, ಸುಮ್ಮನೆ. ಆ ನೋಟ್‌ಬುಕ್ ಹಲಗೆಯ ಮೇಲಿತ್ತು. ನಾನು ಅದನ್ನು ತೆಗೆದು ಅವನ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡೆ.

"ಎಷ್ಟು ಜನ?" ಅಂದೆ.

"ತಮಾಷೆ ಬೇಡ ಎಡ್ಡಾ."

"ಗಿರಾಕಿ ಸುಮ್ನೆ ಉತ್ರ ಕೊಡ್ಬೇಕು. ಎಷ್ಟು ಜನ?"

"ಮೂರು. ಗೇಸಾ ಆಡಲ್ಲ."

"ಎಷ್ಟು ಹೊತ್ತು?"

"ಅರ್ಧ ಗಂಟೆ. ಅದಕ್ಕಿಂತ ಹೆಚ್ಚು ಕೂರಲ್ಲ ಅವಳು."

ನಾನು ಕನ್ನಡಕ ತೆಗೆದೆ. "ಸೋತ್ರೆ ಮುಖ ಊದಿಸ್ಕೊಳ್ಳೋರು ಯಾರು?"

ಮೇಲೆ ಯಾರದೋ ವಾಷಿಂಗ್ ಮಷಿನ್ ತಿರುಗುತ್ತಿತ್ತು. ಕೊನೆಗೆ ಅವನು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಪೆನ್ಸಿಲ್ ಕೇಳಿ, ಮೂರನೆಯ ಸಾಲಿನಲ್ಲಿ ಹಿಂದೆ ಬರೆದಿದ್ದ 'ಮೇರ್ಲೆ' ಎಂಬ ಹೆಸರಿಗೆ ಗೀಟು ಹಾಕಿ 'ಎಗೋನ್' ಎಂದು ಬರೆದ. "ಮಕ್ಕಳು ಸೋಲೋದನ್ನ ನನ್ ಕೈಲಿ ನೋಡೋಕಾಗಲ್ಲ" ಅಂದ. "ಕಣ್ಣೆದುರಿಗೆ ಒಳ್ಳೇ ಆಟ ಇರತ್ತೆ, ಅವರು ಅದನ್ನ ಬಿಟ್ಟು ಬೇರೇದು ಆಡ್ತಾರೆ. ಬ್ರೇಕು ಸರಿ ಇಲ್ದೇ ಇರೋ ಗಾಡೀನ ಡಿಪೋದಿಂದ ಆಚೆ ಬಿಟ್ಟಂಗಾಗತ್ತೆ ನಂಗೆ."

"ಅವಳು ಗಾಡಿಯಲ್ಲ."

"ಗೊತ್ತು ಮಾರಾಯ್ತಿ. ಈಗ ಗೊತ್ತಾಯ್ತು."

ಆಮೇಲೆ ನಾನು ಆರಿಸಿದೆ. ನಾನೂರು ಡಬ್ಬಿಗಳಲ್ಲಿ ನನಗೆ ನೆನಪಿದ್ದದ್ದು ಒಂದೇ. ಆರು ವರ್ಷದ ಹಿಂದೆ ಸಂತೆಯ ಕೊನೆಯ ದಿನ ಅಗ್ಗಕ್ಕೆ ಸಿಕ್ಕಿತೆಂದು ತಂದು, ನಿಯಮ ಓದಿ, "ಇದೆಂಥಾ ಆಟ, ನನ್ನ ಕಾರ್ಡು ನಂಗೇ ಕಾಣಲ್ಲ" ಎಂದು ಬೈದು ಮೇಲಿನ ಹಲಗೆಗೆ ಎಸೆದಿದ್ದ ಪುಟ್ಟ ಡಬ್ಬಿ. ಧೂಳು ಒರೆಸಿ ಅವನ ತೊಡೆಯ ಮೇಲಿಟ್ಟೆ.

ಆಟ ಸುಲಭ. ನಾಲ್ಕು ಬಣ್ಣದ ನಾಲ್ಕು ಸೇತುವೆ. ಒಂದೊಂದಕ್ಕೂ ಒಂದರಿಂದ ಆರರವರೆಗೆ ಅಂಕಿ ಬರೆದ ಹಲಗೆಗಳು, ಕಾರ್ಡಿನ ರೂಪದಲ್ಲಿ. ಕ್ರಮ ತಪ್ಪದೆ ಇಡಬೇಕು. ಆದರೆ ನಮ್ಮ ನಮ್ಮ ಕಾರ್ಡಿನ ಬೆನ್ನು ಮಾತ್ರ ನಮಗೆ, ಮುಖ ಎದುರಿನವರಿಗೆ. ನನ್ನ ಕೈಯಲ್ಲಿ ಏನಿದೆ ಎಂದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಬಾಯಿ ಬಿಡುವಂತಿಲ್ಲ, ಕೈಸನ್ನೆಯೂ ಇಲ್ಲ. ನಿಮ್ಮ ಸರದಿ ಬಂದಾಗ ಒಂದು ಕಾರ್ಡು ಇಡಬಹುದು, ಅಥವಾ ಇನ್ನೊಬ್ಬರ ಒಂದು ಕಾರ್ಡಿನ ಮುಂದೆ ಒಂದು ಗುಂಡಿ ಇಡಬಹುದು. ಹಸಿರು ಗುಂಡಿ ಅಂದರೆ 'ಇದನ್ನು ಈಗ ಇಡು', ಕಪ್ಪು ಅಂದರೆ 'ತಡಿ'. ಇಟ್ಟಮೇಲೆ ಕಟ್ಟಿನಿಂದ ಇನ್ನೊಂದು ಎಳೆಯಬೇಕು, ತಪ್ಪಿ ಬಿದ್ದ ಕಾರ್ಡು ಮತ್ತೆ ಕಟ್ಟಿನ ಅಡಿಗೆ. ಮೂರು ಸಲ ತಪ್ಪು ಕಾರ್ಡು ಬಿತ್ತೋ, ಎಲ್ಲ ಸೇತುವೆಯೂ ಕುಸಿಯಿತು, ಎಲ್ಲರೂ ಸೋತರು.

ಈಸ್ಟರ್‌ನ ಹಿಂದಿನ ಭಾನುವಾರ ಮೇರ್ಲೆ ಬಂದವಳು ಡಬ್ಬಿ ನೋಡಿ ನಿಂತಳು. "ನಾನು ಆಡಲೇಬೇಕಾ?"

"ಬೇಡ ಅಂದ್ರೆ ಬೇಡ" ಅಂದ ಎಗೋನ್. "ಆದ್ರೆ ಇದ್ರಲ್ಲಿ ಅಜ್ಜ ಬಾಯಿ ಬಿಟ್ರೆ ಆಟ ಅಲ್ಲಿಗೇ ಮುಗೀತು. ನೋಡ್ಕೊಳ್ಳೋಕೆ ಒಬ್ರು ಬೇಕು."

ಅವಳ ಕಣ್ಣಿನಲ್ಲಿ ಏನೋ ಹೊಳೆಯಿತು. ಕೂತಳು. ನಿಯಮದ ಪುಸ್ತಕವನ್ನು ಎಗೋನ್ ಅವಳ ಕೈಗೇ ಕೊಟ್ಟು ಓದಲು ಹೇಳಿದ. ಮೂವತ್ತು ವರ್ಷದಲ್ಲಿ ಆ ಪುಸ್ತಕ ಬೇರೆಯವರ ಕೈಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಗೇಸಾ ಅಡುಗೆಮನೆಯಲ್ಲಿ ಕಾಫಿ ಲೋಟ ಒರೆಸುತ್ತಿದ್ದವಳು ಬಾಗಿಲಿಗೆ ಬಂದು ಒರಗಿ ನಿಂತಳು.

ಎರಡನೆಯ ಸರದಿಗೇ ಎಗೋನನ ಬಾಯಿ ತೆರೆಯಿತು. "ಅಜ್ಜ" ಎಂದಳು ಮೇರ್ಲೆ, ಬೆರಳೆತ್ತಿ. ಮುಚ್ಚಿದ. ಬೆರಳು ಮೇಲೆ ಬಂತು. ಅವಳು ಬರೀ ನೋಡಿದಳು. ಕೆಳಗಿಳಿಸಿದ. ಸ್ವಲ್ಪ ಹೊತ್ತಿಗೆ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅದರ ಮೇಲೆ ಕೂತುಬಿಟ್ಟ, ಎಡಗೈಯಲ್ಲಿ ಕಾರ್ಡು ಹಿಡಿದು. ಹಣೆಯಲ್ಲಿ ಬೆವರು. ಮೇರ್ಲೆ ಮಾತ್ರ ಸರಾಗವಾಗಿ ಗುಂಡಿ ಇಡುತ್ತಿದ್ದಳು. ಒಂದು ಸಲ ಅವಳು ತಪ್ಪಿದಳು, ಒಂದು ಸಲ ನಾನು. ಇನ್ನೊಂದು ತಪ್ಪಾದರೆ ಮುಗಿಯಿತು.

ಆಟ ಕೊನೆಗೆ ಬಂತು. ಕಟ್ಟು ಖಾಲಿ. ಹಸಿರು ಸೇತುವೆ ಪೂರ್ತಿಯಾಗಿತ್ತು. ಕೆಂಪಿಗೆ ಆರು ಬೇಕು, ನೀಲಿಗೆ ಐದು ಬೇಕು, ಹಳದಿಗೆ ಮೂರು ಬೇಕು. ಕೆಂಪು ಆರು, ನೀಲಿ ಆರು ಮೇರ್ಲೆಯ ಕೈಯಲ್ಲಿದ್ದವು. ನನ್ನ ಕಾರ್ಡು ನನಗೆ ಕಾಣದಿದ್ದರೂ, ಕಂಡ ಕಾರ್ಡುಗಳನ್ನೆಲ್ಲ ಕಳೆದು ನೋಡಿ ನೀಲಿ ಐದು, ಹಳದಿ ಮೂರು ನನ್ನ ಹತ್ತಿರವೇ ಇವೆ ಎಂದು ನನಗೆ ಖಾತ್ರಿಯಾಗಿತ್ತು. ಎಗೋನನ ಕೈಯಲ್ಲಿ ಉಳಿದದ್ದು ಮೂರು ಕಾರ್ಡು. ಹಳದಿ ನಾಲ್ಕು, ಐದು, ಆರು. ಒಂದೂ ಈಗ ಇಡುವಂಥದ್ದಲ್ಲ.

ಮೇರ್ಲೆ ಹಸಿರು ಗುಂಡಿಯನ್ನು ಎತ್ತಿ, ಯೋಚಿಸಿ, ಅಜ್ಜನ ಹಳದಿ ನಾಲ್ಕರ ಮುಂದೆ ಇಟ್ಟಳು.

ನನ್ನ ನಾಲಿಗೆ ತುರಿಸಿತು. ಹಳದಿ ಸೇತುವೆಯಲ್ಲಿ ಎರಡೇ ಹಲಗೆ ಇದ್ದವು, ಅವಳು ಮೂರು ಅಂದುಕೊಂಡಿದ್ದಳು. ಎಗೋನನಿಗೆ ಅವನ ಕಾರ್ಡು ಕಾಣುವುದಿಲ್ಲ, ಸರಿ. ಆದರೆ ಅವನು ಹಾಸಿನ ಮೇಲೆ ಬಿದ್ದ ಪ್ರತಿ ಕಾರ್ಡನ್ನೂ ಎಣಿಸುವ ಮನುಷ್ಯ. ಬೇಕಾದ ಮೂರು ಹಲಗೆಗಳೂ ನಮ್ಮಿಬ್ಬರ ಕೈಯಲ್ಲಿ ಅವನ ಕಣ್ಣೆದುರಿಗೇ ಇವೆ. ಹಾಗಾದರೆ ತನ್ನ ಕೈಯಲ್ಲಿ ಸರಿಯಾದದ್ದು ಒಂದೂ ಇರಲಾರದು. ಆ ಗುಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನನ್ನ ಹಳದಿ ಮೂರರ ಮುಂದೆ ಒಂದು ಹಸಿರು ಗುಂಡಿ ಇಟ್ಟರೆ ಸಾಕು, ನಾವು ಗೆದ್ದಂತೆಯೇ. ಅದು ಅವನಿಗೆ ಗೊತ್ತಾಯಿತು ಎಂದು ಅವನ ಮುಖದಲ್ಲೇ ಕಂಡಿತು. ಕಣ್ಣು ಒಂದು ಸಲ ನನ್ನ ಕಾರ್ಡಿಗೆ ಹೋಗಿ ಬಂತು.

ಬಾಗಿಲಲ್ಲಿ ಗೇಸಾಳ ಕೈಯ ಒರೆಸುವ ಬಟ್ಟೆ ಅಲ್ಲಾಡದೆ ನಿಂತಿತ್ತು. ಅವಳಿಗೆ ನಮ್ಮೆಲ್ಲರ ಕಾರ್ಡೂ ಕಾಣುತ್ತಿತ್ತು. ಅವಳೂ ಎಣಿಸುತ್ತಿದ್ದಳು. ಆಟ ಬಿಟ್ಟರೂ ಅಪ್ಪನ ಮಗಳೇ ಅಲ್ಲವೆ?

ಎಗೋನ್ ಮೇರ್ಲೆಯನ್ನು ನೋಡಿದ. ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಅವನು ತೊಡೆಯ ಕೆಳಗಿನಿಂದ ಕೈ ತೆಗೆದ. ಗುಂಡಿಯಿದ್ದ ಕಾರ್ಡನ್ನೇ ಎಳೆದು, ಮುಖ ಮೇಲೆ ಮಾಡಿ, ಹಳದಿ ಸೇತುವೆಯ ಪಕ್ಕ ಇಟ್ಟ.

ಹಳದಿ ನಾಲ್ಕು. ಮೂರನೆಯ ತಪ್ಪು. ಎಲ್ಲ ಸೇತುವೆಗಳೂ ಕುಸಿದವು.

ಮೇರ್ಲೆ ಹಲಗೆಗಳನ್ನು ಬೆರಳಿಟ್ಟು ಎಣಿಸಿದಳು. ಒಂದು, ಎರಡು. ಮತ್ತೆ ಎಣಿಸಿದಳು. ಆಮೇಲೆ ಅಜ್ಜನ ಮುಖ ನೋಡಿದಳು. ಮಕ್ಕಳಿಗೆ ಮೋಸ ಮಾಡುವುದು ಕಷ್ಟ.

"ನಿಂಗೆ ಗೊತ್ತಿತ್ತಾ ಅಜ್ಜ?"

"ಅನುಮಾನ ಇತ್ತು."

"ಮತ್ತೆ ಯಾಕಿಟ್ಟೆ?"

"ನೀನು ಇಡು ಅಂದ್ಯಲ್ಲ."

ಅವಳು ಸ್ವಲ್ಪ ಹೊತ್ತು ಅದನ್ನು ಯೋಚಿಸಿದಳು. ಮುಖ ಊದಲಿಲ್ಲ, ಅಳಲಿಲ್ಲ. ತುಟಿಯ ಒಂದು ತುದಿ ಮೇಲೆ ಹೋಯಿತು. "ಎರಡು ಹಲಗೆ ಒಂದ್ರ ಮೇಲೊಂದು ವಾರೆಯಾಗಿ ಬಿದ್ದಿತ್ತು, ನಂಗೆ ಮೂರು ಥರ ಕಾಣ್ತು" ಅಂದಳು. ಕಾರ್ಡುಗಳನ್ನು ತಾನೇ ಬಾಚಿ ಗುಡ್ಡೆ ಮಾಡತೊಡಗಿದಳು. ಎಗೋನ್ ಏನನ್ನೂ ಕೇಳಲಿಲ್ಲ. ಅವನು ಕಾಯುತ್ತಿದ್ದ ಆ ಒಂದು ಮಾತನ್ನು ಅವಳು ಇನ್ನೂ ಆಡಿರಲಿಲ್ಲ.

"ಇನ್ನೊಂದ್ಸಲ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಗೇಸಾ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಲೋರೆಯ ಕುರ್ಚಿ ಎಳೆದಳು. "ನಂಗೂ ಹಂಚು ಅಪ್ಪ. ನನ್ನ ಕಾರ್ಡು ಮುಟ್ಟಿದ್ರೆ ಮಾತ್ರ ನೋಡು" ಅಂದಳು.

"ನಂಗೇ ನನ್ನ ಕಾರ್ಡು ಕಾಣಲ್ಲ ಕಣೇ" ಅಂದ ಎಗೋನ್. ಮೇರ್ಲೆ ಕಟ್ಟನ್ನು ಅವನ ಮುಂದೆ ತಳ್ಳಿದಳು. ನಾಲ್ಕು ಜನರಿದ್ದರೆ ತಲೆಗೆ ನಾಲ್ಕು ಕಾರ್ಡು ಎಂದು ನಿಯಮ. ಅವನು ಗೇಸಾಳ ಮುಖವನ್ನೇ ನೋಡುತ್ತಾ ಹಂಚಿದ. ಎಲ್ಲರಿಗೂ ನಾಲ್ಕು ಹಾಕಿ, ಗೇಸಾಳಿಗೆ ಐದು ಹಾಕಿದ. ಮೇರ್ಲೆ ನೋಡಿದಳು. ಗೇಸಾ ನೋಡಿದಳು. ನಾನೂ ನೋಡಿದೆ. ಹುಟ್ಟಿದಂದಿನಿಂದ ಬಾಯಿಗೆ ಬೀಗವಿಲ್ಲದ ನಾನೂ ಏನೂ ಹೇಳಲಿಲ್ಲ.